ಮುಲ್ಕಿ–ಸಸಿಹಿತ್ಲು ಕಡೆ ಸರ್ಫಿಂಗ್‌ಗೆ ಬರುವವರಿಗೆ

ಅಲೆಯ ಎತ್ತರ ನೋಡಿ ದಿನ ಗೊತ್ತು ಮಾಡಬೇಡಿ, ಗಾಳಿ ನೋಡಿ. ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಬೆಳಗ್ಗೆ 6.30ಕ್ಕೇ ನೀರಿನಲ್ಲಿರಿ, 10ರೊಳಗೆ ಮುಗಿಸಿ. ರಾತ್ರಿ ನೆಲ ತಣಿದು ಗಾಳಿ ದಡದಿಂದ ಕಡಲಿನತ್ತ ಬೀಸುತ್ತದೆ, ಅಲೆಯ ಮುಖವನ್ನು ಎತ್ತಿ ಹಿಡಿದು ನುಣುಪಾಗಿ ಇಡುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಅದೇ ಅಲೆಯನ್ನು ಚೂರು ಚೂರು ಮಾಡುತ್ತದೆ. ದಡದ ತೆಂಗಿನ ಗರಿ ಕಡಲಿನತ್ತ ವಾಲುತ್ತಿದ್ದರೆ ಇಳಿಯಿರಿ. ಊರಿನತ್ತ ತಿರುಗಿತೋ, ಗೋಳಿಬಜೆ ತಿನ್ನುವ ಹೊತ್ತಾಯಿತು. ಬೆಳಗ್ಗೆ ಬೇಗ ಇಳಿಯಬೇಕಲ್ಲ, ಅದಕ್ಕೇ ಮಂಗಳೂರು ಪೇಟೆಯಲ್ಲಿ ರೂಮ್ ಬೇಡ, ಸುಮಾರು 30 ಕಿ.ಮೀ. ದೂರದ ಮುಲ್ಕಿಯಲ್ಲೇ ಉಳಿಯಿರಿ. ಮುನ್ಸೂಚನೆಯಲ್ಲಿ ಎತ್ತರಕ್ಕಿಂತ ಎರಡು ಅಲೆಗಳ ನಡುವಿನ ಸೆಕೆಂಡ್ ಮುಖ್ಯ: 1 ಮೀಟರ್, 13 ಸೆಕೆಂಡ್ ಇದ್ದರೆ ಒಳ್ಳೆಯ ಅಲೆ, 1 ಮೀಟರ್, 6 ಸೆಕೆಂಡ್ ಅಂದರೆ ಬರೀ ಗಾಳಿ ಎಬ್ಬಿಸಿದ ಗಲಿಬಿಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಲೆಕ್ಕ ನಡೆಯುವುದಿಲ್ಲ, ಮಳೆಗಾಲದ ಗಾಳಿ ಇಡೀ ದಿನ ಕಡಲಿನಿಂದಲೇ. ಹೊಸಬರು ಆಗ ಇಳಿಯಲೇಬಾರದು. ಶಾಂಭವಿ–ನಂದಿನಿ ಹೊಳೆಗಳು ಕಡಲು ಸೇರುವ ಅಳಿವೆ ಬಾಗಿಲಲ್ಲಿ, ಕಡಲಿನ ನೀರು ಇಳಿಯುವ ಇಳಿತದ ಹೊತ್ತು, ಬೆಳಗ್ಗೆಯಾದರೂ ಸರ್ಫಿಂಗ್ ಬೇಡ. ಹೊಳೆಯ ನೀರು ಬೋರ್ಡ್ ಸಮೇತ ಹೊರಗೆಳೆಯುತ್ತದೆ. ಎಳೆದರೆ ಎದುರು ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ.