ಕಾಜಾಣದ ಫೋಟೋ ಬರೀ ಕಪ್ಪು ಮುದ್ದೆ ಆಗ್ತಿತ್ತು, ಹೀಗೆ ಸರಿ ಮಾಡ್ಕೊಂಡೆ

ವಾಕಿಂಗ್ ಹೋದಾಗ ಕಾಜಾಣ ಯಾವಾಗ್ಲೂ ತಂತಿ ಮೇಲೋ ಒಣಕೊಂಬೆ ತುದೀಲೋ ಕೂತಿರತ್ತೆ, ಹಿಂದೆ ಬೆಳ್ಳಗಿನ ಆಕಾಶ, ಕ್ಲಿಕ್ ಮಾಡಿದ್ರೆ ಬಾಲದ ಕವಲು ಬಿಟ್ರೆ ಬೇರೇನೂ ಕಾಣಲ್ಲ. ಕಾರಣ ಏನಂದ್ರೆ ಕ್ಯಾಮೆರಾ ಒಳಗಿನ ಬೆಳಕು ಅಳೆಯೋ ಮೀಟರ್ ಇಡೀ ಫ್ರೇಮನ್ನ ಮಧ್ಯಮ ಬೂದು ಬಣ್ಣಕ್ಕೆ ತರೋಕೆ ನೋಡತ್ತೆ, ಆಕಾಶ ಜಾಸ್ತಿ ಇದ್ರೆ ಬೆಳಕು ಕಮ್ಮಿ ಮಾಡ್ಬಿಡತ್ತೆ, ಪಾಪ ಹಕ್ಕಿ ಕತ್ತಲಾಗತ್ತೆ.

ನಂಗೆ ಕೆಲಸ ಮಾಡಿದ್ದು ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದ್ರೆ ಮೀಟರ್ ಲೆಕ್ಕಕ್ಕಿಂತ ಬೆಳಕು ಜಾಸ್ತಿ (+) ಇಲ್ಲಾ ಕಮ್ಮಿ (-) ಮಾಡೋ ಸೆಟ್ಟಿಂಗ್. +1 ಇಟ್ಟೆ, ಸಾಲಲಿಲ್ಲ, +1.7ಕ್ಕೆ ಹೋದಾಗ ರೆಕ್ಕೆ ಮೇಲಿನ ನೀಲಿ ಹೊಳಪು ಬಂತು, ಝೂಮ್ ಮಾಡಿ ನೋಡಿದ್ರೆ ಕೊಕ್ಕಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ! ಕರಿ ಕಾಜಾಣ ಅಂತ ಗುರುತಿಸೋಕೆ ಅದೇ ಒಳ್ಳೇ ಗುರುತು, ಎಷ್ಟು ಖುಷಿ ಆಯ್ತು ಗೊತ್ತಾ. ಆಕಾಶ ಪೂರ್ತಿ ಬಿಳಿಯಾಗತ್ತೆ, ಆಗ್ಲಿ ಬಿಡಿ, ನಮಗೆ ಬೇಕಿರೋದು ಹಕ್ಕಿ.

ಜೊತೆಗೆ ರಾ ಫೈಲಲ್ಲೇ (ಸೆನ್ಸರ್ ಹಿಡಿದ ಮಾಹಿತಿ ಉಳಿಸೋ ಫೈಲ್) ತೆಗೀರಿ, ಆಮೇಲೆ ಕಂಪ್ಯೂಟರಲ್ಲಿ ಕತ್ತಲಾದ ಭಾಗ ಬೆಳಗಿಸೋಕೆ ಜೆಪೆಗ್‌ಗಿಂತ ತುಂಬಾ ಅವಕಾಶ ಸಿಗತ್ತೆ. ಶಟರ್ ವೇಗ 1/1000 ಸೆಕೆಂಡಿಗಿಂತ ನಿಧಾನ ಮಾಡಲ್ಲ ನಾನು, ಯಾಕಂದ್ರೆ ಕಾಜಾಣ ಹುಳ ಕಂಡ ತಕ್ಷಣ ಹಾರತ್ತೆ, ತಿರುಗಿ ಅದೇ ಕೊಂಬೆಗೆ ಬರತ್ತೆ, ಹಾಗಾಗಿ ಅದರ ಹಿಂದೆ ಓಡಬೇಡಿ, ಸೂರ್ಯ ನಿಮ್ಮ ಬೆನ್ನಿಗೆ ಬರೋ ಹಾಗೆ ನಿಧಾನಕ್ಕೆ ಸುತ್ತು ಹಾಕಿ ಅಲ್ಲೇ ಕಾಯಿರಿ. ಗೂಡು ಹತ್ರ ಇದ್ರೆ ಮಾತ್ರ ದಯವಿಟ್ಟು ದೂರ ಸರೀರಿ.

ಬೆಳ್ಳಕ್ಕಿಗೆ ಇದು ಉಲ್ಟಾ, ಹಿಂದೆ ಕಡುಹಸಿರು ಇದ್ರೆ -0.7ರಿಂದ ಶುರು ಮಾಡಿ, ಇಲ್ಲಾಂದ್ರೆ ಪುಕ್ಕದ ಗೆರೆಗಳೆಲ್ಲ ಅಳಿಸಿಹೋಗತ್ತೆ.