ಹಳೇ ಪುಸ್ತಕವನ್ನು ಹಿಂದಿನಿಂದ ತೆರೆಯಿರಿ

ಹಳೇ ಪುಸ್ತಕ ಕೈಗೆ ಸಿಕ್ಕರೆ ಎಲ್ಲರೂ ಮುಖಪುಟ ನೋಡುತ್ತಾರೆ, ಆಮೇಲೆ ಮೂಸುತ್ತಾರೆ. ನಾನು ಕೊನೆಯ ಪುಟ ತೆಗೆಯುತ್ತೇನೆ. ಇದು ಅಪ್ಪನಿಂದ ಬಂದ ಚಾಳಿ. ಬೆಂಗಳೂರಿನ ಬಳೇಪೇಟೆಯಲ್ಲಿ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವರ ಬೈಂಡಿಂಗ್ ಅಂಗಡಿ ಇತ್ತು. ಒಬ್ಬರು ಒಳಗೆ ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು. ರಿಪೇರಿಗೆ ಬಂದ ಪುಸ್ತಕವನ್ನು ಅವರು ಬೋರಲು ಹಾಕಿ ಹಿಂದಿನ ರಟ್ಟಿನಿಂದಲೇ ಬಿಚ್ಚುತ್ತಿದ್ದರು. "ಮುಂದಿನ ಪುಟ ಎಲ್ಲರೂ ಜೋಪಾನ ಮಾಡ್ತಾರಮ್ಮ, ಕಳೆದುಹೋಗೋದು ಹಿಂದಿನದೇ" ಅನ್ನುತ್ತಿದ್ದರು.

ಕೊನೆಯ ಪುಟಗಳಲ್ಲಿ ಏನಿರುತ್ತದೆ? ಮೊದಲನೆಯದು, ಮುದ್ರಕರ ಸಾಲು. 1867ರ ಪ್ರೆಸ್ ಮತ್ತು ಪುಸ್ತಕ ನೋಂದಣಿ ಕಾಯ್ದೆಯಂತೆ ಬ್ರಿಟಿಷ್ ಇಂಡಿಯಾದಲ್ಲಿ ಅಚ್ಚಾದ ಪುಸ್ತಕದ ಮೇಲೆ ಮುದ್ರಕರ ಹೆಸರು, ಊರು ಇರಲೇಬೇಕಿತ್ತು. ಮಂಗಳೂರು, ಧಾರವಾಡ, ಬಳ್ಳಾರಿಯ ಪುಸ್ತಕಗಳಿಗೆಲ್ಲ ಇದು ಅನ್ವಯ. ಶೀರ್ಷಿಕೆ ಪುಟ ಹರಿದುಹೋದ ಪ್ರತಿಯಲ್ಲೂ ಈ ಸಾಲು ಎಲ್ಲೋ ಒಂದು ಕಡೆ ಉಳಿದಿರುವುದುಂಟು. ಎರಡನೆಯದು ಒಪ್ಪೋಲೆ. ಒಂದು ಚೀಟಿಯಲ್ಲಿ ಅಚ್ಚಿನ ತಪ್ಪುಗಳನ್ನು ಪಟ್ಟಿ ಮಾಡಿ ಅಂಟಿಸಿರುತ್ತಾರೆ. ಅದು ಉಳಿದಿದ್ದರೆ ಪ್ರತಿ ಪೂರ್ತಿ ಇರುವುದಕ್ಕೆ ಒಳ್ಳೆಯ ಸೂಚನೆ. ಮೂರನೆಯದು ನನಗೆ ಅತಿ ಪ್ರಿಯವಾದದ್ದು: "ನಮ್ಮ ಇತರ ಪ್ರಕಟಣೆಗಳು". ಯಾರಾದರೂ 'ಕಾನೂರು ಹೆಗ್ಗಡಿತಿ'ಯ 1936ರ ಮೊದಲ ಮುದ್ರಣ ಅಂತ ತೋರಿಸಿದರು ಅನ್ನಿ. ಹಿಂದಿನ ಜಾಹೀರಾತಿನಲ್ಲಿ 'ಶ್ರೀ ರಾಮಾಯಣ ದರ್ಶನಂ' ಹೆಸರಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಆ ಮಹಾಕಾವ್ಯ ಅಚ್ಚಾದದ್ದು 1949ರಲ್ಲಿ.

ಇಸವಿಯನ್ನೇ ಹಾಕದ ಪುಸ್ತಕಗಳೂ ಬೇಕಾದಷ್ಟಿವೆ. ಕೆಲವು ಸಂವತ್ಸರ ಹೇಳಿ ಸುಮ್ಮನಾಗುತ್ತವೆ. "ಪ್ರಭವ" ಎಂದಷ್ಟೇ ಇದ್ದರೆ ಅದು 1867-68 ಆಗಬಹುದು, 1927-28 ಆಗಬಹುದು, 1987-88 ಕೂಡ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿಕೊಳ್ಳಿ. ಏನೂ ಇಲ್ಲವೆ? ಬೆಲೆ ನೋಡಿ. "ರೂ. 1-4-0" ಎಂದು ರೂಪಾಯಿ-ಆಣೆ-ಪೈ ಲೆಕ್ಕದಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. "ನ.ಪೈ." (ನಯೇ ಪೈಸೆ) ಅಂತಿದ್ದರೆ 1957ರಿಂದ 1964ರ ನಡುವಿನದು, ಆಮೇಲೆ 'ನಯೇ' ಬಿದ್ದುಹೋಯಿತು. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ಕಳೆದಿದೆ. "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್ ಇನ್ನೂ ಬಂದಿಲ್ಲ. ಬೆಲೆಯ ಮೇಲೆ ಚೀಟಿ ಅಂಟಿಸಿದ್ದರೆ ಹಾಳೆಯನ್ನು ಬೆಳಕಿಗೆ ಹಿಡಿಯಿರಿ, ಅಡಿಯಲ್ಲಿ ಹಳೇ ಬೆಲೆ ಕಾಣುತ್ತದೆ. ಉಗುರಿನಿಂದ ಕೀಳಬೇಡಿ.

'ಮುದ್ರಣ', 'ಆವೃತ್ತಿ' ಈ ಎರಡು ಮಾತನ್ನು ನಮ್ಮ ಪ್ರಕಾಶಕರು ಬೇಕಾಬಿಟ್ಟಿ ಬಳಸಿದ್ದಾರೆ. ಅದನ್ನು ನೆಚ್ಚಿಕೊಳ್ಳುವ ಬದಲು ಮುನ್ನುಡಿಗಳ ತಾರೀಕು ನೋಡಿ. ಎರಡನೇ ಮುದ್ರಣದ ಅರಿಕೆ ಇದ್ದ ಹಾಳೆಯನ್ನು ಕಿತ್ತು ಮೊದಲನೆಯದೆಂದು ಮಾರುವವರು ಇದ್ದಾರೆ. ಬೆನ್ನಿನ ಒಳಗೆ ಬ್ಲೇಡಿನ ನೇರ ಗಾಯ ಕಂಡರೆ ಅನುಮಾನಪಡಿ.

ಇನ್ನೊಂದು ಮೋಸ ಫೋಟೋ ಮುದ್ರಣದ್ದು. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಬಂದದ್ದು. ಅದನ್ನು ಇದ್ದಹಾಗೆ ಫೋಟೋ ತೆಗೆದು ಮಾಡಿದ ಮರುಮುದ್ರಣಗಳೂ ಇವೆ. ಅಂಥವುಗಳಲ್ಲಿ ಹೊಸ ಪ್ರಕಾಶಕರ ವಿವರ ಇರುವ ಹಾಳೆ ಹೋಗಿಬಿಟ್ಟರೆ ಕಣ್ಣಿಗೆ ಉಳಿಯುವುದು ಹಳೇ ಇಸವಿ ಮಾತ್ರ. ಆಗ ಕಣ್ಣು ಮುಚ್ಚಿ, ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿ. ಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸಿ ಒತ್ತಿದ ಅಚ್ಚಾದರೆ ಅಕ್ಷರಗಳು ಹಿಂದಕ್ಕೆ ತುಸು ಉಬ್ಬಿರುತ್ತವೆ. ಫೋಟೋ ಮುದ್ರಣದ ಆಫ್‌ಸೆಟ್ ಆದರೆ ನುಣ್ಣಗೆ. ಹತ್ತರಷ್ಟು ದೊಡ್ಡದು ಮಾಡುವ ಭೂತಗನ್ನಡಿ ಇದ್ದರೆ ಮೊಳೆ ಅಚ್ಚಿನ ಅಕ್ಷರದ ಅಂಚಿನಲ್ಲಿ ಶಾಯಿ ಒತ್ತಿ ಬಂದ ಕಪ್ಪು ಗೆರೆಯೂ ಕಾಣುತ್ತದೆ. ನೂರಾರು ರೂಪಾಯಿಯ ಪುಸ್ತಕಕ್ಕೂ ಹತ್ತಾರು ಸಾವಿರದ ಪುಸ್ತಕಕ್ಕೂ ಇರುವ ವ್ಯತ್ಯಾಸ ಕೆಲವೊಮ್ಮೆ ಈ ಉಬ್ಬಿನಷ್ಟೇ.

ಈಗ ನಾನು ನಿಜಕ್ಕೂ ಮೋಸಹೋದ ಕತೆ. ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ, ಎಂಜಿನಿಯರಿಂಗ್ ಗೈಡುಗಳ ರಾಶಿಯ ಅಡಿಯಲ್ಲಿ, ಮೂವತ್ತರ ದಶಕದ ಒಂದು ಕವನ ಸಂಕಲನ ಸಿಕ್ಕಿತು. ನೂರೈವತ್ತು ಕೇಳಿದರು, ಚೌಕಾಸಿ ಮಾಡದೆ ಕೊಟ್ಟೆ. ಬಸ್ಸಿನಲ್ಲೇ ಓದುತ್ತ ಬಂದೆ. ಮನೆಯಲ್ಲಿ ಅಪ್ಪ ತಿರುವಿಹಾಕಿ, "ನಾಲ್ಕನೇ ಫಾರಂ ಎಲ್ಲಮ್ಮ?" ಅಂದರು. ನಲವತ್ತೆಂಟನೇ ಪುಟ ಆದಮೇಲೆ ಅರವತ್ತೈದು. ಪದ್ಯ ಅರ್ಧಕ್ಕೇ ನಿಂತದ್ದನ್ನು ನಾನು ಕವಿಯ ಹೊಸತನ ಅಂದುಕೊಂಡಿದ್ದೆ.

ಫಾರಂ ಲೆಕ್ಕ ಹೀಗೆ. ಕ್ರೌನ್, ಡೆಮಿ ಅನ್ನುವುದು ಅಚ್ಚಿನ ದೊಡ್ಡ ಹಾಳೆಯ ಅಳತೆಗಳು. ಅದರ 1/8 ಅಳತೆಯ ಪುಸ್ತಕದಲ್ಲಿ ಒಂದು ದೊಡ್ಡ ಹಾಳೆ ಮಡಚಿದರೆ ಎಂಟು ಎಲೆ, ಹದಿನಾರು ಪುಟ. ಅದೇ ಒಂದು ಫಾರಂ. ಮೊಳೆ ಅಚ್ಚಿನ ಕಾಲದಲ್ಲಿ ಪ್ರತಿ ಫಾರಮ್ಮಿನ ಮೊದಲ ಪುಟದ ಅಡಿಯಲ್ಲಿ ಬೈಂಡರಿಗಾಗಿ ಸಣ್ಣ ಅಂಕಿ ಹಾಕುತ್ತಿದ್ದರು. ಹಾಗಾಗಿ 1, 17, 33, 49, 65ನೇ ಪುಟಗಳ ಬುಡದಲ್ಲಿ ಆ ಅಂಕಿ ಹುಡುಕಿ. ಇಡೀ ಪುಸ್ತಕ ತಿರುವುವ ಅಗತ್ಯವಿಲ್ಲ, ಎರಡು ನಿಮಿಷದ ಕೆಲಸ. ಎಂಟು ಪುಟದ ಫಾರಂ ಆದರೆ 9, 17, 25 ಎಂದು ಎಣಿಸಿ. ಫಾರಮ್ಮುಗಳು ಹಿಂದುಮುಂದಾಗಿ ಹೊಲಿದಿರುವುದೂ ಉಂಟು. ಅದು ಬೈಂಡರ್ ತಪ್ಪು, ಪುಟಗಳಿದ್ದರೆ ಕೊಳ್ಳಿ. ಚಿತ್ರಪುಟಗಳು ಈ ಲೆಕ್ಕಕ್ಕೆ ಸೇರುವುದಿಲ್ಲ, ಅವನ್ನು ಪಟ್ಟಿಯ ಜೊತೆ ಬೇರೆಯೇ ತಾಳೆ ನೋಡಬೇಕು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ಸಾಕಷ್ಟಿವೆ, ಒಟ್ಟು ಪುಟ ಎಷ್ಟೆಂದು ಅಂಗಡಿಯಲ್ಲೇ ನಿಂತು ಫೋನಿನಲ್ಲಿ ನೋಡಬಹುದು.

ಪುಟ ಸರಿಯಿದ್ದರೆ ಮೈ ಪರೀಕ್ಷೆ. ಬೆನ್ನನ್ನು ಎಡಗೈಯಲ್ಲಿ ಹಿಡಿದು ಅದಾಗಿ ಎಷ್ಟು ಬಿಚ್ಚಿಕೊಳ್ಳುತ್ತದೋ ಅಷ್ಟೇ ಬಿಚ್ಚಿ. ದಾರದ ಹೊಲಿಗೆಯಾದರೆ ಸಡಿಲವಾದರೂ ಮತ್ತೆ ಕಟ್ಟಬಹುದು. ತಂತಿ ಹೊಡೆದದ್ದಾದರೆ ತುಕ್ಕು ಕಾಗದವನ್ನು ತಿಂದು ಕಂದು ತೂತು ಮಾಡಿರುತ್ತದೆ. ಕಾಗದವನ್ನು ಹಳದಿ ಬಣ್ಣದಿಂದ ಅಳೆಯಬೇಡಿ, ಸದ್ದಿನಿಂದ ಅಳೆಯಿರಿ. ಹಾಳೆ ತಿರುವಿದರೆ ಮೆತ್ತಗೆ ಸದ್ದು ಬರಬೇಕು. ಒಣ ತರಗೆಲೆಯಂತೆ ಚರಚರ ಅಂದರೆ ಮರದ ತಿರುಳಿನ ಕಾಗದದೊಳಗಿನ ಆಮ್ಲ ತನ್ನ ಕೆಲಸ ಮಾಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಗದದ ಬರವಿತ್ತು, ಆಗಿನ ಎಷ್ಟೋ ಪುಸ್ತಕಗಳು ಅವಕ್ಕಿಂತ ಐವತ್ತು ವರ್ಷ ಹಿರಿಯವಕ್ಕಿಂತ ಕೆಟ್ಟ ಸ್ಥಿತಿಯಲ್ಲಿವೆ. ಮೂಲೆ ಮಡಚಿ ಪರೀಕ್ಷಿಸುವ ಜಾಣರನ್ನು ನೋಡಿದ್ದೇನೆ. ಮುರಿದ ಮೂಲೆಗೆ ಯಾರು ದುಡ್ಡು ಕೊಡುತ್ತಾರೆ?

ಹುಳದ ಗುರುತು ಓದುವುದನ್ನು ಕಲಿಯಿರಿ. ಗುಂಡು ತೂತು ಪುಟದಿಂದ ಪುಟಕ್ಕೆ ಸುರಂಗದಂತೆ ಹೋಗಿದ್ದರೆ ಕೊರೆಯುವ ಹುಳ. ಮೇಲುಮೇಲೆ ಕೆರೆದು ತೆಳ್ಳಗಾಗಿದ್ದರೆ ಬೆಳ್ಳಿಹುಳ. ಅದಕ್ಕೆ ಅಂಟು ಪ್ರಿಯ, ರಟ್ಟಿನ ಹತ್ತಿರವೇ ಹೆಚ್ಚು. ಮಣ್ಣಿನ ಗೆರೆ ಇದ್ದರೆ ಗೆದ್ದಲು. ಹಳೇ ಗಾಯಕ್ಕೆ ಹೆದರಬೇಕಿಲ್ಲ. ಪುಸ್ತಕವನ್ನು ಬಿಳಿ ಹಾಳೆಯ ಮೇಲೆ ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಬಾಡಿಗೆದಾರರು ಇನ್ನೂ ಒಳಗಿದ್ದಾರೆ. ಅಂಥದ್ದನ್ನು ನಾನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಎರಡು ವಾರ ಫ್ರೀಜರಿನಲ್ಲಿ ಇಡುತ್ತೇನೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚುವಂತಿಲ್ಲ, ಇಲ್ಲದಿದ್ದರೆ ಪುಟಗಳ ಮೇಲೆ ನೀರು ಕೂರುತ್ತದೆ. ಅಪ್ಪ ಮೈದಾ ಅಂಟಿಗೆ ಚೂರು ಮೈಲುತುತ್ತ ಬೆರೆಸುತ್ತಿದ್ದರು. ಅವರು ಕಟ್ಟಿದ ಪುಸ್ತಕಗಳನ್ನು ಹುಳ ಇವತ್ತಿಗೂ ಮುಟ್ಟಿಲ್ಲ. (ವಿಷ ಅದು, ಮಕ್ಕಳಿರುವ ಮನೆಯಲ್ಲಿ ನೀವು ಪ್ರಯೋಗ ಮಾಡಬೇಡಿ.)

ದೂರದಿಂದ ತರಿಸುವಾಗ ಮಾರುವವರ ಭಾಷೆ ಗೊತ್ತಿರಬೇಕು. ಇಂಗ್ಲಿಷ್ ಪಟ್ಟಿಗಳಲ್ಲಿ 'ಫೈನ್' ಅಂದರೆ ಹೆಚ್ಚುಕಮ್ಮಿ ಹೊಸದು, 'ವೆರಿ ಗುಡ್' ಅಂದರೆ ಓದಿದ್ದು ಗೊತ್ತಾಗುತ್ತದೆ, 'ಗುಡ್' ಅಂದರೆ ಅಷ್ಟೇನೂ ಗುಡ್ ಅಲ್ಲ. ಕನ್ನಡದಲ್ಲಿ ಮಾರುವವರು "ಕಂಡೀಶನ್ ಚೆನ್ನಾಗಿದೆ ಮೇಡಂ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾನು ಐದು ಫೋಟೋ ಕೇಳುತ್ತೇನೆ: ಬೆನ್ನು, ಶೀರ್ಷಿಕೆ ಪುಟ, ಅದರ ಹಿಂಬದಿ, ನಡುವಿನ ಹೊಲಿಗೆ, ಕೊನೆಯ ಪುಟ. ಲೈಬ್ರರಿ ಮೊಹರು ಇದ್ದರೆ ಲೈಬ್ರರಿಯವರೇ ವಜಾ ಮಾಡಿ ಹೊರಹಾಕಿದ ಗುರುತೂ ಇದೆಯೇ ನೋಡಿ. ಇಲ್ಲದಿದ್ದರೆ ಬಿಟ್ಟುಬಿಡಿ, ಎಷ್ಟೇ ಅಪರೂಪದ್ದಾಗಲಿ.

ವಿದೇಶದಲ್ಲಿರುವವರಿಗೆ ಒಂದು ಮಾತು. ಅಜ್ಜನ ಪೆಟ್ಟಿಗೆಯ ತಾಳೆಗರಿ ಕಟ್ಟನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಸಾಹಿತ್ಯಕವಾಗಿಯೋ ಚಾರಿತ್ರಿಕವಾಗಿಯೋ ಬೆಲೆಯುಳ್ಳ ಹಸ್ತಪ್ರತಿ 75 ವರ್ಷ ದಾಟಿದ್ದರೆ 1972ರ ಪುರಾವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ನೂರು ದಾಟಿದ ಅಚ್ಚಿನ ಪುಸ್ತಕದ ವಿಷಯದಲ್ಲೂ ಮೊದಲು ಪುರಾತತ್ವ ಇಲಾಖೆಯನ್ನು ಕೇಳುವುದು ಕ್ಷೇಮ.

ಮನೆಗೆ ತಂದ ಮೇಲೆ ಏನೂ ಮಾಡದಿರುವುದೇ ಕಷ್ಟದ ಕೆಲಸ. ಕಾಲೇಜಿನ ದಿನಗಳಲ್ಲಿ ನಾನು ಹರಿದ ಪುಟಕ್ಕೆಲ್ಲ ಸೆಲೋಟೇಪ್ ಹಚ್ಚಿದ್ದೆ. ಟೇಪು ಎಂದೋ ಉದುರಿತು, ಕಂದು ಜಿಡ್ಡು ಇವತ್ತಿಗೂ ಇದೆ. ಅಪ್ಪನ ಕೈ ನಡುಗತೊಡಗಿದ ಮೇಲೆ ಒಂದು ಪುಸ್ತಕವನ್ನು ಬೇರೊಬ್ಬರಿಗೆ ಕಟ್ಟಲು ಕೊಟ್ಟೆ. ಅವರು ಮೂಲ ಮುಖಪುಟ ಎಸೆದು, ಮೂರು ಕಡೆ ಕಟಿಂಗ್ ಹೊಡೆದು, ಹೊಳೆಯುವ ರೆಕ್ಸಿನ್ ಹಾಕಿ ಕೊಟ್ಟರು. ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದ ಟಿಪ್ಪಣಿಯ ಅರ್ಧರ್ಧ ಅಕ್ಷರಗಳು ಮಾತ್ರ ಉಳಿದಿವೆ. ಆಮೇಲಿಂದ ಬೈಂಡರಿಗೆ ಕೊಡುವಾಗ ಚೀಟಿಯಲ್ಲಿ ಬರೆದೇ ಕೊಡುತ್ತೇನೆ: ಕಟಿಂಗ್ ಬೇಡ, ಹಳೇ ರಟ್ಟು ವಾಪಸ್ ಬೇಕು. ನುಸಿಗುಳಿಗೆ ಇಡುವುದಿಲ್ಲ. ಬಜೆ ಬೇರಿನ ತುಂಡು ಕಪಾಟಿನಲ್ಲಿರುತ್ತದೆ, ಪುಟಗಳ ನಡುವೆ ಅಲ್ಲ. ಗೋಡೆಗೆ ತಾಗಿಸದೆ ಎರಡು ಬೆರಳು ಗಾಳಿಗೆ ಬಿಟ್ಟು ಜೋಡಿಸುತ್ತೇನೆ. ಭಾರದ ನಿಘಂಟುಗಳನ್ನು ಮಲಗಿಸುತ್ತೇನೆ.

ಪ್ರತಿ ಪುಸ್ತಕಕ್ಕೂ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಡುತ್ತೇನೆ. ಹೋದ ವಾರದ್ದು ಇದು: "ಕ್ರೌನ್ 1/8. ಬೆಲೆ 0-12-0. ಹನ್ನೆರಡು ಫಾರಂ ಪೂರ್ತಿ, ಒಪ್ಪೋಲೆ ಇದೆ. ಬೆನ್ನಿನ ಬುಡ ಅರ್ಧ ಇಂಚು ಹೋಗಿದೆ. ಹಳೇ ಹುಳದ ತೂತು ಮೂರು, ಅಕ್ಷರಕ್ಕೆ ತಾಗಿಲ್ಲ. ಶಾಲೆಯ ಬಹುಮಾನದ ಚೀಟಿ, ಹೆಸರು ಅಳಿಸಿದೆ. 97ನೇ ಪುಟದಲ್ಲಿ ನವಿಲುಗರಿಯ ಗುರುತು. ಗರಿ ಇಲ್ಲ."