ಹಾರರ್ ಚಿತ್ರಗಳನ್ನು ನಾನು ವಿಂಗಡಿಸಿಕೊಂಡ ಬಗೆ

ಸ್ಲ್ಯಾಶರ್ (ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಬೇಟೆಯಾಡುವುದು), ಫೋಕ್ ಹಾರರ್ (ಊರಿನ ಹಳೆಯ ನಂಬಿಕೆ, ಆಚರಣೆಗಳಿಂದ ಹುಟ್ಟುವ ಭಯ), ಫೌಂಡ್ ಫೂಟೇಜ್ (ಪಾತ್ರಗಳೇ ಚಿತ್ರೀಕರಿಸಿದ್ದು ಆಮೇಲೆ ಸಿಕ್ಕಿತೆಂಬ ರೂಪ) ಎಂದು ಹಾರರ್ ಚಿತ್ರಗಳನ್ನು ವಿಂಗಡಿಸುವ ಪಟ್ಟಿಗಳಿಗೆ ಕೊರತೆಯಿಲ್ಲವಾದರೂ, ಒಂದು ಚಿತ್ರ ಹಿಡಿಸಿದ ಮೇಲೆ ಮುಂದೆ ಯಾವುದನ್ನು ನೋಡಬೇಕೆಂದು ನಿರ್ಧರಿಸಲು ಅವು ನನಗೆ ಅಷ್ಟಾಗಿ ನೆರವಾಗಲಿಲ್ಲ. ಆದ್ದರಿಂದ ಪ್ರತಿ ಚಿತ್ರ ಮುಗಿದ ಕೂಡಲೇ ಒಂದು ಪ್ರಶ್ನೆಗೆ ಉತ್ತರ ಬರೆದಿಡುವ ರೂಢಿ ಮಾಡಿಕೊಂಡೆ: ಇಲ್ಲಿ ನಡೆಯುತ್ತಿರುವುದು ಏನೆಂದು ವಿವರಿಸುವವರು ಯಾರು, ಆ ವಿವರಣೆ ಕೆಲಸಕ್ಕೆ ಬಂತೇ? ಈ ಟಿಪ್ಪಣಿಗಳು ಸೇರುತ್ತ ಹೋದಂತೆ ಒಳಪ್ರಕಾರಗಳು ತಾವಾಗಿಯೇ ಬೇರೆಯಾಗತೊಡಗಿದವು.

ಈ ಪ್ರಶ್ನೆ ಹೆಚ್ಚು ಫಲ ಕೊಟ್ಟದ್ದು ಮೈಮೇಲೆ ಬರುವ ಕಥೆಗಳಲ್ಲಿ. 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರದಲ್ಲಿ ಬಾಲಕಿಯನ್ನು ಮೊದಲು ಒಪ್ಪಿಸುವುದು ವೈದ್ಯರಿಗೆ. ಅವಳ ಕುತ್ತಿಗೆಗೆ ಸೂಜಿ ಚುಚ್ಚಿ ರಕ್ತನಾಳಗಳ ಎಕ್ಸ್‌ರೇ ತೆಗೆಯುವ ದೃಶ್ಯದಲ್ಲಿ ಯಂತ್ರಗಳ ಬಡಿತವನ್ನು ಬಿಟ್ಟರೆ ಭಯಪಡಿಸುವಂಥದ್ದು ಏನೂ ಇಲ್ಲ, ಆದರೂ ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಅದೇ. ವೈದ್ಯರು ಕೈಚೆಲ್ಲಿದ ಬಳಿಕವೇ ಪಾದ್ರಿಗಳ ಸರದಿ. ಇದರ ಜೊತೆಗೆ 1979ರ ‘ನಾ ನಿನ್ನ ಬಿಡಲಾರೆ’ ನೋಡಬೇಕು: ಅನಂತನಾಗ್ ಅವರ ಪಾತ್ರವನ್ನು ಹೊಕ್ಕ ಕಾಮಿನಿಯ ಪ್ರೇತಕ್ಕೆ ಅಲ್ಲಿ ಪರಿಹಾರವಿರುವುದು ರಾಘವೇಂದ್ರ ಸ್ವಾಮಿಗಳ ಸನ್ನಿಧಿಯಲ್ಲಿ. ಮೂರನೆಯದಾಗಿ ಮಲಯಾಳದ ‘ಮಣಿಚಿತ್ರತ್ತಾಳ್’ (1993) ಕಥೆಯನ್ನು ಆಧರಿಸಿದ ‘ಆಪ್ತಮಿತ್ರ’ (2004). ನಾಗವಲ್ಲಿಯಾಗಿ ಸೌಂದರ್ಯ ಅವರ ಕಣ್ಣು, ದನಿ ಬದಲಾದಾಗ ನಾವು ದೆವ್ವವನ್ನೇ ಕಾಣುತ್ತೇವೆ, ವಿಷ್ಣುವರ್ಧನ್ ಅವರ ಮನೋವೈದ್ಯ ಮಾತ್ರ ಕಾಯಿಲೆಯನ್ನು ಕಾಣುತ್ತಾನೆ. ಲಕ್ಷಣಗಳು ಹೆಚ್ಚುಕಡಿಮೆ ಒಂದೇ, ಬಿಡಿಸುವವರು ಬೇರೆ. ಯಾವ ಸಮಾಜ ಯಾರ ಮಾತನ್ನು ನಂಬುತ್ತದೆ ಎಂಬುದು ಈ ಮೂರನ್ನು ಒಟ್ಟಿಗೆ ನೋಡಿದಾಗ ಗೊತ್ತಾಗುತ್ತದೆ.

ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೋವೀನ್’ (1978) ಚಿತ್ರದಲ್ಲೂ ಮನೋವೈದ್ಯನಿದ್ದಾನೆ, ಆದರೆ ಅವನು ತನ್ನ ರೋಗಿಯಾದ ಕೊಲೆಗಾರನೊಳಗೆ ಕೇಡಲ್ಲದೆ ಬೇರೇನೂ ಇಲ್ಲವೆಂದು ತೀರ್ಮಾನಿಸಿಬಿಟ್ಟಿದ್ದಾನೆ. ವಿವರಣೆಯನ್ನು ಹೀಗೆ ಬಾಗಿಲಲ್ಲೇ ನಿಲ್ಲಿಸುವುದು ಸ್ಲ್ಯಾಶರ್‌ನ ಗುಣ. ಇದರ ಅನುಕರಣೆಗಳಲ್ಲಿ ಬಹುಪಾಲನ್ನು ಬಿಟ್ಟರೂ ನಷ್ಟವಿಲ್ಲವೆಂಬುದು ನನ್ನ ಅಭಿಪ್ರಾಯ.

ಜಪಾನಿನ ‘ರಿಂಗು’ (1998) ಇನ್ನೂ ಜಾಣತನದ್ದು. ಶಾಪಗ್ರಸ್ತ ವಿಡಿಯೊ ಟೇಪಿನ ಮೂಲವನ್ನು ಹುಡುಕುವ ಪತ್ರಕರ್ತೆಗೆ ವಿವರಣೆ ಸಿಕ್ಕಿಬಿಡುತ್ತದೆ, ನಾವು ನಿಟ್ಟುಸಿರು ಬಿಡುತ್ತೇವೆ, ಆದರೆ ಸಿಕ್ಕ ಆ ವಿವರಣೆ ಸಾಲುವುದಿಲ್ಲ. ಟೇಪಿನ ಹಿಂದಿರುವ ಪ್ರೇತ ಸದಾಕೊಳ ನಡಿಗೆ ಅಷ್ಟು ಅಸಹಜವಾಗಿ ಕಾಣಲು ಕಾರಣ, ನಟಿಯನ್ನು ಹಿಮ್ಮುಖವಾಗಿ ನಡೆಸಿ ಚಿತ್ರೀಕರಿಸಿ ಅದನ್ನು ತಿರುಗಿಸಿ ತೋರಿಸಿರುವುದು. ಇದು ಗೊತ್ತಿದ್ದೂ ಮತ್ತೆ ನೋಡಿದಾಗ ಹೆದರಿದ್ದೇನೆ.

ಫೋಕ್ ಹಾರರ್‌ಗೆ ‘ದಿ ವಿಕರ್ ಮ್ಯಾನ್’ (1973) ಸಾಕು. ಕಾಣೆಯಾದ ಹುಡುಗಿಯನ್ನು ಹುಡುಕಿಕೊಂಡು ಸ್ಕಾಟ್ಲೆಂಡಿನ ದ್ವೀಪಕ್ಕೆ ಬರುವ ಪೊಲೀಸ್ ಅಧಿಕಾರಿಯ ಬಳಿ ಕಾನೂನು, ಧರ್ಮ ಎರಡೂ ಇವೆ. ಊರಿನವರ ಬಳಿ ಇರುವ ವಿವರಣೆಯೇ ಬೇರೆ, ಎಲ್ಲವೂ ಹಾಡಹಗಲಲ್ಲಿ ನಗುನಗುತ್ತಲೇ ನಡೆಯುತ್ತದೆ. ಫೌಂಡ್ ಫೂಟೇಜ್‌ನಲ್ಲಾದರೆ ವಿವರಿಸಲು ಯಾರೂ ಉಳಿದಿರುವುದಿಲ್ಲ, ಕ್ಯಾಮೆರಾ ಮಾತ್ರ ಸಿಕ್ಕಿರುತ್ತದೆ: ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ನೋಡಿದ ಮೇಲೆ ಚಾರಣಿಗರ ಕಥೆಯಾದ ಕನ್ನಡದ ‘6-5=2’ (2013) ನೋಡಿದರೆ ಈ ತಂತ್ರ ನಮ್ಮ ಕಾಡಿಗೂ ಒಗ್ಗುತ್ತದೆಂಬುದು ತಿಳಿಯುತ್ತದೆ.

ಹೊಸಬರಿಗೆ ನಾನು ಮೊದಲು ಸೂಚಿಸುವುದು ರಾಬರ್ಟ್ ವೈಸ್ ಅವರ ಕಪ್ಪು-ಬಿಳುಪಿನ ‘ದಿ ಹಾಂಟಿಂಗ್’ (1963). ಮುಚ್ಚಿದ ಮರದ ಬಾಗಿಲು ಉಸಿರಾಡುವಂತೆ ಒಳಕ್ಕೆ ಉಬ್ಬುವ ದೃಶ್ಯವಿದೆಯೇ ಹೊರತು ಆಚೆ ಏನಿದೆಯೆಂದು ಚಿತ್ರ ಒಮ್ಮೆಯೂ ತೋರಿಸುವುದಿಲ್ಲ, ಹೆದರಿಸುವುದು ಸದ್ದೇ, ಹಾಗಾಗಿ ಇದನ್ನು ಹೆಡ್‌ಫೋನ್ ಹಾಕಿಕೊಂಡೇ ನೋಡಬೇಕು. ದೇಹ ವಿಕಾರಗೊಳ್ಳುವ ಬಾಡಿ ಹಾರರ್ ಎಲ್ಲರಿಗೂ ಹಿಡಿಸುವಂಥದ್ದಲ್ಲವಾದ್ದರಿಂದ ಅದನ್ನು ಕೊನೆಗಿಡುತ್ತೇನೆ. ‘ದಿ ಫ್ಲೈ’ (1986) ಚಿತ್ರದ ವಿಜ್ಞಾನಿ ನೊಣವಾಗುತ್ತ ಹೋಗುವ ತನ್ನ ದೇಹವನ್ನು ತಾನೇ ಪರೀಕ್ಷಿಸಿ ವಿವರಿಸುತ್ತಾನೆ, ಕಳಚಿಬಿದ್ದ ಅಂಗಗಳನ್ನು ಬಚ್ಚಲುಮನೆಯ ಕಪಾಟಿನಲ್ಲಿ ಜೋಡಿಸಿಡುತ್ತಾನೆ. ಊಟದ ತಟ್ಟೆ ಮುಂದಿಟ್ಟುಕೊಂಡು ಇದನ್ನು ಹಾಕಬೇಡಿ.